ಒಂದೇ ಲಸಿಕೆ, ಊರಿಗೊಂದು ನೆನಪು

1885ರ ಮಾರ್ಚ್ 23ರಂದು ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ದೊಡ್ಡ ಮೆರವಣಿಗೆ ಹೊರಟಿತು. ಸೇರಿದವರು 80 ಸಾವಿರದಿಂದ ಒಂದು ಲಕ್ಷ ಎಂದು ಅಂದಾಜು. ಮಗುವಿನ ಶವಪೆಟ್ಟಿಗೆ ಹೊತ್ತಿದ್ದರು. ಸಿಡುಬಿನ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರ್‌ನ ಪ್ರತಿಕೃತಿಯನ್ನೂ ತಂದಿದ್ದರು. ಸಿಡುಬು ಎಂಥ ರೋಗ ಎಂದು ಗೊತ್ತಿಲ್ಲದ ಜನವೇನಲ್ಲ. ಹನ್ನೆರಡು ಹದಿಮೂರು ವರ್ಷಗಳ ಹಿಂದಷ್ಟೇ ಅದರ ಹಾವಳಿ ಕಣ್ಣಾರೆ ಕಂಡವರು. ಹಾಗಿದ್ದೂ ಲಸಿಕೆಯ ವಿರುದ್ಧ ಬೀದಿಗೆ ಇಳಿದಿದ್ದು ಯಾಕೆ?

ಹುಟ್ಟಿದ ಮೂರು ತಿಂಗಳೊಳಗೆ ಮಗುವಿಗೆ ಲಸಿಕೆ ಹಾಕಿಸಲೇಬೇಕು ಎಂದು 1853ರಲ್ಲಿ ಅಲ್ಲಿ ಕಾನೂನು ಬಂದಿತ್ತು. 1867ರ ನಂತರ ಅದು ಇನ್ನೂ ಬಿಗಿಯಾಯಿತು. ಹಾಕಿಸದವರಿಗೆ ಮತ್ತೆ ಮತ್ತೆ ದಂಡ. ಕಟ್ಟದಿದ್ದರೆ ಮನೆಯ ಸಾಮಾನು ಹರಾಜು, ಇಲ್ಲವೇ ಜೈಲು. ಉಳ್ಳವರು ತಮ್ಮ ಡಾಕ್ಟರನ್ನು ಕರೆಸಿ ಕೆಲಸ ಮುಗಿಸುತ್ತಿದ್ದರು. ಬಡವರಿಗೆ ಲಸಿಕೆ ಪುಕ್ಕಟೆ, ನಿಜ. ಆದರೆ ಅದನ್ನು ನಡೆಸುತ್ತಿದ್ದದ್ದು ದಿಕ್ಕಿಲ್ಲದವರಿಗೆ ಗಂಜಿ ಹಾಕುವ ಅದೇ ಇಲಾಖೆ. ಅದರ ಬಾಗಿಲು ತುಳಿಯುವುದೆಂದರೆ ಮಾನ ಹೋದಂತೆ ಎಂದು ದುಡಿದು ತಿನ್ನುವವರು ಭಾವಿಸಿದ್ದರು.

ಹಾಕುವ ರೀತಿಯೂ ಹಿತವಾಗಿರಲಿಲ್ಲ. ಆಗ ಲಸಿಕೆ ತೋಳಿನಿಂದ ತೋಳಿಗೆ ದಾಟುತ್ತಿತ್ತು. ಒಂದು ಮಗುವಿನ ಗುಳ್ಳೆಯ ನೀರನ್ನು ಇನ್ನೊಂದು ಮಗುವಿನ ಗಾಯಕ್ಕೆ ಹಚ್ಚುವುದು. ವಾರ ಕಳೆದ ಮೇಲೆ ತಾಯಿ ಮತ್ತೆ ಬರಬೇಕು. ತನ್ನ ಮಗುವಿನ ಗುಳ್ಳೆಯನ್ನು ಬೇರೆಯವರಿಗಾಗಿ ಕೊಯ್ಯಲು ತೋಳು ಒಡ್ಡಬೇಕು. ಹೀಗೆ ಸಿಫಿಲಿಸ್‌ನಂಥ ಕಾಯಿಲೆ ಅಂಟೀತು ಎಂಬ ಭಯ ಬರೀ ಗಾಳಿಮಾತಾಗಿರಲಿಲ್ಲ. ಅಂಥ ಪ್ರಕರಣಗಳು ಆಗಿದ್ದವು.

ಕಾನೂನು ಇಡೀ ದೇಶಕ್ಕೆ ಒಂದೇ. ಆದರೆ ಕೇಸು ಹಾಕುವುದು ಊರಿನ ಮಂಡಳಿಯ ಕೈಯಲ್ಲಿತ್ತು, ಆ ಮಂಡಳಿಗೆ ಚುನಾವಣೆ ನಡೆಯುತ್ತಿತ್ತು. ಲೆಸ್ಟರ್‌ನಲ್ಲಿ ಲಸಿಕೆ ವಿರೋಧಿಗಳೇ ಗೆದ್ದು ಬಂದರು, ಕೇಸುಗಳು ನಿಂತವು. ಕೇಸು ಬಿಡದ ಊರುಗಳಲ್ಲಿ ಲಸಿಕೆಯೂ ಜಾಸ್ತಿ ನಡೆಯಿತು. ಲೆಸ್ಟರ್ ಕೈಕಟ್ಟಿ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ರೋಗ ಕಂಡ ಕೂಡಲೇ ತಿಳಿಸುವುದು, ರೋಗಿಯನ್ನು ಬೇರೆ ಇಡುವುದು, ಜೊತೆಗಿದ್ದವರ ಮೇಲೆ ಕಣ್ಣಿಡುವುದು, ಇವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿತು. ಕೊನೆಗೆ 1898ರಲ್ಲಿ, ಮನಸ್ಸೊಪ್ಪದ ಪೋಷಕರಿಗೆ ಕಾನೂನೇ ವಿನಾಯಿತಿ ಕೊಟ್ಟಿತು.

ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ 1904ರ ನವೆಂಬರಿನಲ್ಲಿ ಆದದ್ದಂತೂ ದಂಗೆಯೇ. ನಗರ ಚೆಂದ ಮಾಡುತ್ತೇವೆಂದು ಬಡವರ ವಠಾರಗಳನ್ನು ಕೆಡವುತ್ತಿದ್ದ ಹೊತ್ತದು. ರೋಗ ಹುಡುಕುವ ತಂಡಗಳು ಮನೆಯೊಳಗೆ ನುಗ್ಗುತ್ತಿದ್ದವು. ಅದರ ಬೆನ್ನಿಗೇ ಕಡ್ಡಾಯ ಲಸಿಕೆ. ಮನೆ ಒಡೆಯುವ ಸರ್ಕಾರವೇ ಸೂಜಿ ಹಿಡಿದು ಬಂದರೆ ಯಾರು ನಂಬುತ್ತಾರೆ? ಸರ್ಕಾರ ಕಡ್ಡಾಯವನ್ನು ಕೈಬಿಟ್ಟಿತು. 1908ರಲ್ಲಿ ಸಿಡುಬು ತಿರುಗಿ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ಇದೆಲ್ಲ ತಿಳಿವಳಿಕೆ ಇಲ್ಲದವರ ಗಲಾಟೆ ಎನ್ನುವುದು ಸುಲಭ. ಬ್ರಿಟನ್ನಿನ ಎಂಎಂಆರ್ ಪ್ರಕರಣ ಆ ಮಾತಿಗೆ ಒಗ್ಗುವುದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಕೊಡುವ ಈ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದು 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರ ಲೇಖನ ಸೂಚಿಸಿತು. ಆಧಾರ ಬರೀ 12 ಮಕ್ಕಳು. 2010ರಲ್ಲಿ ಆ ಲೇಖನವನ್ನು ಅಚ್ಚು ಹಾಕಿದ್ದ ವೈದ್ಯಕೀಯ ಪತ್ರಿಕೆಯೇ ಹಿಂದಕ್ಕೆ ಪಡೆಯಿತು. ಅಷ್ಟರೊಳಗೆ ಲಸಿಕೆ ಬಿಡುವುದರಲ್ಲಿ ಹೆಚ್ಚು ಓದಿದ ಪೋಷಕರೇ ಮುಂದಿದ್ದರು. ವೇಲ್ಸ್‌ನ ಸ್ವಾನ್ಸಿ ಕಡೆ ಒಂದು ಸ್ಥಳೀಯ ಪತ್ರಿಕೆ 1997ರಲ್ಲೇ ಈ ಲಸಿಕೆಯ ಮೇಲೆ ಅನುಮಾನದ ವರದಿಗಳ ಸರಣಿ ಶುರುಮಾಡಿತ್ತು. ಆ ಪತ್ರಿಕೆ ಓದುವ ಪ್ರದೇಶದಲ್ಲಿ ಲಸಿಕೆಯ ಪ್ರಮಾಣ ವೇಲ್ಸ್‌ನ ಉಳಿದ ಕಡೆಗಿಂತ ಜಾಸ್ತಿ ಕುಸಿಯಿತು. ಹದಿನೈದು ವರ್ಷವಾದ ಮೇಲೆ, 2012-13ರಲ್ಲಿ, ಅದೇ ಸೀಮೆಯಲ್ಲಿ ದಡಾರ ಹಬ್ಬಿತು. ವರದಿಯಾದ ಪ್ರಕರಣಗಳು ಸಾವಿರದ ಇನ್ನೂರಕ್ಕೂ ಮೇಲೆ. ಅಂದು ಲಸಿಕೆ ತಪ್ಪಿದ ಮಕ್ಕಳು ಅಷ್ಟರಲ್ಲಿ ಹೈಸ್ಕೂಲಿಗೆ ಬಂದಿದ್ದರು.

ಇಲ್ಲಿ ಸರಾಸರಿ ಲೆಕ್ಕ ಮೋಸ ಮಾಡುತ್ತದೆ. ದಡಾರ ತಡೆಯಲು ನೂರರಲ್ಲಿ ಸುಮಾರು 95 ಜನಕ್ಕೆ ಲಸಿಕೆ ಆಗಿರಬೇಕು. ನೆದರ್ಲೆಂಡ್ಸ್ ದೇಶ ಒಟ್ಟಾರೆ ಆ ಮಟ್ಟದಲ್ಲೇ ಇತ್ತು. ಆದರೆ ದೇವರ ಇಚ್ಛೆಗೆ ಅಡ್ಡ ಬರಬಾರದು ಎಂದು ನಂಬುವ ಕಟ್ಟಾ ಪ್ರಾಟೆಸ್ಟೆಂಟ್ ಕುಟುಂಬಗಳು ಅಲ್ಲಿ ಒಂದೇ ಪಟ್ಟಿಯ ಊರುಗಳಲ್ಲಿ ಒತ್ತಾಗಿವೆ. ಒಂದೇ ಚರ್ಚು, ಒಂದೇ ಶಾಲೆ. 2013ರ ದಡಾರ ಹೆಚ್ಚಾಗಿ ಅಲ್ಲೇ ಸುತ್ತಿತು.

ನೈಜೀರಿಯಾದ ಕಾನೊ ರಾಜ್ಯದಲ್ಲಿ ನೆನಪು ಇನ್ನೂ ಹಸಿ. 1996ರಲ್ಲಿ ಅಲ್ಲಿ ಮೆದುಳುಪೊರೆಯ ಉರಿಯೂತ ಹಬ್ಬಿದಾಗ ಫೈಜರ್ ಕಂಪನಿ ಹೊಸ ಔಷಧವೊಂದನ್ನು ಮಕ್ಕಳ ಮೇಲೆ ಪರೀಕ್ಷಿಸಿತ್ತು, ಅದು ಕೋರ್ಟು ಮೆಟ್ಟಿಲೇರಿತ್ತು. 2003ರ ಚುನಾವಣೆಯಲ್ಲಿ ಉತ್ತರದವರ ಅಭ್ಯರ್ಥಿ ಸೋತ ಅಸಮಾಧಾನ ಬೇರೆ. ಪೋಲಿಯೊ ಹನಿಯಲ್ಲಿ ಮಕ್ಕಳಾಗದಂತೆ ಮಾಡುವ ಮದ್ದಿದೆ ಎಂಬ ಸುದ್ದಿ ಹಬ್ಬಿದ್ದು ಆ ವರ್ಷವೇ. ಆಸ್ಪತ್ರೆಯಲ್ಲಿ ಸಣ್ಣ ಮಾತ್ರೆಗೂ ದುಡ್ಡು ಕೇಳುವವರು ಇದೊಂದನ್ನು ಮನೆಬಾಗಿಲಿಗೆ ಸುಮ್ನೆ ತಂದು ಕೊಡುತ್ತಾರಾ ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ ಅಲ್ವಾ? ರಾಜ್ಯ ಸರ್ಕಾರ ಹನಿ ಹಾಕುವುದನ್ನೇ ನಿಲ್ಲಿಸಿತು. ವೈರಸ್ ಗಡಿ ದಾಟಿ ಹಲವು ದೇಶಗಳಿಗೆ ಹೋಯಿತು. 2004ರಲ್ಲಿ, ಮುಸ್ಲಿಮರು ಹೆಚ್ಚಿರುವ ಇಂಡೊನೇಷ್ಯಾದಿಂದ ಲಸಿಕೆ ತರಿಸಿದ ಮೇಲೆ ಕೆಲಸ ಮತ್ತೆ ಶುರುವಾಯಿತು.

ಕೆಲವೆಡೆ ಕಾರಣ ಬರೀ ದೂರ. ಕ್ಲಿನಿಕ್ ತೆರೆಯುವ ಹೊತ್ತಿಗೆ ತಾಯಿ ಕೂಲಿಯಲ್ಲಿರುತ್ತಾಳೆ, ನಡೆದು ಹೋದರೆ ಲಸಿಕೆ ಮುಗಿದಿರುತ್ತದೆ. ಇದನ್ನೂ ನಿರಾಕರಣೆಯ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ಅಧಿಕಾರಿಗಳಿಗಿದೆ.

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ ಅಪನಂಬಿಕೆ, ಲಸಿಕೆ ಸಿಗದಿರುವುದು ಎರಡೂ ಬೆರೆತವು. 2018ರ ಜುಲೈನಲ್ಲಿ ಲಸಿಕೆಯ ಪುಡಿಗೆ ನೀರಿನ ಬದಲು ತಪ್ಪಿ ಬೇರೆ ಔಷಧ ಬೆರೆಸಿದ್ದರಿಂದ ಎರಡು ಕೂಸುಗಳು ಸತ್ತವು. ಸರ್ಕಾರ ಎಂಎಂಆರ್ ನಿಲ್ಲಿಸಿತು, ಜನರ ನಂಬಿಕೆಯೂ ಹೋಯಿತು. ಲಸಿಕೆಯ ಪ್ರಮಾಣ ಶೇ 31ರ ಆಸುಪಾಸಿಗೆ ಇಳಿಯಿತು. ಮರುವರ್ಷ ದಡಾರ ಬಂದು 83 ಜನ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನವರು. ನೆರೆಯ ಟೊಂಗಾದಲ್ಲೂ ಆಗ ದಡಾರ ಇತ್ತು. ಆದರೆ ಅಲ್ಲಿ ಲಸಿಕೆ ಚೆನ್ನಾಗಿ ನಡೆದಿತ್ತು, ಒಂದು ಸಾವೂ ಆಗಲಿಲ್ಲ. ಡಿಸೆಂಬರಿನಲ್ಲಿ ಸಮೋವಾ ಸರ್ಕಾರ ಎರಡು ದಿನ ಕಚೇರಿಗಳನ್ನು ಮುಚ್ಚಿ ನೌಕರರನ್ನು ಈ ಕೆಲಸಕ್ಕೆ ಹಚ್ಚಿತು. ಲಸಿಕೆ ಆಗದವರಿದ್ದರೆ ಮನೆಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಹೇಳಿತು. ಜನ ಕಟ್ಟಿದರು, ತಂಡಗಳು ಆ ಬಟ್ಟೆ ನೋಡಿಕೊಂಡು ಮನೆಮನೆಗೆ ಹೋದವು.