ಕಾದಂಬರಿಯಲ್ಲಿ ಇದ್ದ ಹಾಗೇ ಸಿನಿಮಾ ತೆಗೆಯೋಕೆ ಏನು ಕಷ್ಟ?

ಪ್ರಶ್ನೆ: ಒಳ್ಳೆ ಕಾದಂಬರಿ ಕೈಯಲ್ಲಿದ್ದರೂ ನಿರ್ದೇಶಕರು ಯಾಕೆ ಬದಲಾಯಿಸುತ್ತಾರೆ? ಇದ್ದ ಹಾಗೇ ತೆಗೆಯಬಾರದಾ?

ಮತ್ತೆ ಅದೇ ಪ್ರಶ್ನೆ! ಮೈಸೂರಿನಲ್ಲಿ ಕಾದಂಬರಿ ಓದಿದವರು ಜಾಸ್ತಿ. ಹಾಗಾಗಿ ಇಂಟರ್ವಲ್‌ನಲ್ಲಿ "ಪುಸ್ತಕದಲ್ಲಿ ಹೀಗಿರಲಿಲ್ಲ" ಅನ್ನುವವರೂ ಜಾಸ್ತಿ. ಉತ್ತರ ಚಿಕ್ಕದು. ಬದಲಾಯಿಸಲೇಬೇಕು. ಎಷ್ಟು ಬದಲಾಯಿಸಿದರು ಅಂತ ಲೆಕ್ಕ ಹಾಕಬೇಡಿ, ಯಾಕೆ ಬದಲಾಯಿಸಿದರು ಅಂತ ಕೇಳಿ.

ಈಗ ಆ "ಇದ್ದ ಹಾಗೇ" ವಿಷಯಕ್ಕೆ ಬರೋಣ. 300 ಪುಟದ ಕಾದಂಬರಿ ತಗೊಳ್ಳಿ. ಒಂದು ಪುಟ ಜೋರಾಗಿ ಓದಲು ಎರಡು ನಿಮಿಷ ಅಂದರೂ ಒಟ್ಟು 10 ಗಂಟೆ. ಸಿನಿಮಾ ಎರಡೂವರೆ ಗಂಟೆ ದಾಟಿದರೆ ನೀವೇ ವಾಚ್ ನೋಡುತ್ತೀರಿ. ಸರಿ, 10 ಗಂಟೆ ಕೊಟ್ಟೆವು ಅಂತಲೇ ಇಟ್ಟುಕೊಳ್ಳಿ. ಕಾದಂಬರಿಯ ನಾಯಕ ಬಾವಿಕಟ್ಟೆ ಮೇಲೆ ಕೂತು ನಾಲ್ಕು ಪುಟ ಯೋಚನೆ ಮಾಡುತ್ತಾನೆ. ಕ್ಯಾಮೆರಾಗೆ ಏನು ಕಾಣುತ್ತದೆ? ಬಾವಿಕಟ್ಟೆ ಮೇಲೆ ಕೂತ ಒಬ್ಬ ಮನುಷ್ಯ. ಅಷ್ಟೇ.

ಆಗ ಯಾರಾದರೂ 'ನಾಗರಹಾವು' ತೆಗೆದುಕೊಂಡು ಬರುತ್ತಾರೆ. ಕಾದಂಬರಿ ಬರೆದ ತ.ರಾ.ಸು. ಅವರಿಗೇ ಆ ಸಿನಿಮಾ ಹಿಡಿಸಲಿಲ್ಲವಲ್ಲ ಅಂತ. ಹಿಡಿಸಲಿಲ್ಲ, ನಿಜ. ಆದರೆ ಆ ಕಥೆಗೆ ಅವರು ಬರೆದದ್ದು ಮೂರು ಕಾದಂಬರಿ, ಅವನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ತೆಗೆದದ್ದು ಒಂದು ಸಿನಿಮಾ. (ಪುಟ್ಟಣ್ಣ ಪಿರಿಯಾಪಟ್ಟಣದ ಕಡೆಯವರು, ನಮ್ಮ ಜಿಲ್ಲೆಯವರೇ. ಸ್ವಲ್ಪ ಪಕ್ಷಪಾತ ಇರಲಿ ಬಿಡಿ.) ಬರೆದವರಿಗೆ ಬೇಜಾರಾಗುವುದು ಸಹಜ. ಅದರಿಂದ ಸಿನಿಮಾ ಕೆಟ್ಟದು ಅಂತ ಆಗುವುದಿಲ್ಲ.

ಇನ್ನೊಂದು ನೋಡಿ. ಆರ್.ಕೆ. ನಾರಾಯಣ್ ಯಾದವಗಿರಿಯ ಮನೆಯಲ್ಲಿ ಇದ್ದವರು, ಬರೆದದ್ದು ಇಂಗ್ಲಿಷಿನಲ್ಲಿ. ನಾರಾಯಣ್ ಕಲ್ಪಿಸಿದ ಊರು ಮಾಲ್ಗುಡಿಯನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದರು. ದೂರದರ್ಶನದ ಧಾರಾವಾಹಿಯಲ್ಲಿ ಆ ಊರಿನ ಹುಡುಗ ಸ್ವಾಮಿ ಹಿಂದಿ ಮಾತಾಡಿದ. ಭಾಷೆಯೂ ಬೇರೆ, ನೆಲವೂ ಮಲೆನಾಡಿನದು. ಆದರೂ ಅದು ಮಾಲ್ಗುಡಿ ಅಲ್ಲ ಅಂತ ಇಲ್ಲಿ ಯಾರಾದರೂ ಜಗಳ ತೆಗೆದರಾ?

ಅದೇ ನಾರಾಯಣ್ ಅವರ 'ಗೈಡ್' 1965ರಲ್ಲಿ ಹಿಂದಿ ಸಿನಿಮಾ ಆಯಿತು. ಅವರು ಮೈಸೂರಿನ ಸುತ್ತಮುತ್ತ ಜಾಗ ತೋರಿಸಿದ್ದರು. ಸಿನಿಮಾದವರು ಕಥೆಯನ್ನು ರಾಜಸ್ಥಾನಕ್ಕೆ ಒಯ್ದರು. ಪುಟ್ಟ ಊರಿನ ಕಥೆಗೆ ಅಂಥ ವೈಭವ ಯಾಕೆ? ಕಣ್ಣಿಗೆ ಚೆಂದ ಅಂತ. ನಾರಾಯಣ್ ಬೇಜಾರಾದರು, ಆ ಬೇಜಾರು ನ್ಯಾಯವಾದದ್ದು ಅಂತಲೇ ನನ್ನ ಲೆಕ್ಕ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಥೆಯೇ ಇಲ್ಲದ ಪುಸ್ತಕವನ್ನು ಸಿನಿಮಾ ಮಾಡಿದರೆ? ಕೆ.ಎಸ್. ನರಸಿಂಹಸ್ವಾಮಿ ಅವರ 'ಮೈಸೂರು ಮಲ್ಲಿಗೆ' 1942ರ ಕವನ ಸಂಕಲನ. ನಾಗಾಭರಣ 1992ರಲ್ಲಿ ಒಂದು ಕಥೆ ಕಟ್ಟಿ, ಪದ್ಯಗಳನ್ನು ಅದರೊಳಗೆ ಕೂರಿಸಿದರು. ಪುಸ್ತಕದಲ್ಲಿ ಹೀಗಿಲ್ಲ ಅನ್ನೋಕೆ ಪುಸ್ತಕದಲ್ಲಿ ಕಥೆ ಇದ್ದರೆ ತಾನೆ! ಆದರೆ ಕೆ.ಎಸ್.ನ. ಹುಟ್ಟಿದ್ದು ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ. ಆ ಕಡೆಯವರಿಗೆ ಪದ್ಯಗಳು ಬಾಯಿಪಾಠ. ಕಥೆ ಹೇಗೆ ಬೇಕಾದರೂ ಕಟ್ಟಿಕೊಳ್ಳಲಿ, ಹಾಡಿನ ಒಂದು ಸಾಲು ಆಚೀಚೆ ಆದರೆ ಸುಮ್ನೆ ಬಿಡುವ ಜನ ಅಲ್ಲ.