ಆ ಮುಖ ಫೋಟೋ ಅಲ್ಲ ಮಾರಾಯ್ರೆ

ಲಂಡನ್ನಿನಲ್ಲಿ ಕನ್ನಡದವರ ಸಣ್ಣ ಸಣ್ಣ ಗುಂಪುಗಳನ್ನು ತಿರುಗಾಡಿಸುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಮಗನ ಮನೆಗೋ ಮಗಳ ಬಾಣಂತನಕ್ಕೋ ಬಂದವರು. ಬೆಳಗ್ಗೆ ಬಕಿಂಗ್‌ಹ್ಯಾಮ್ ಅರಮನೆ ಮುಂದೆ ನಿಂತು ನಿಂತು ಅವರ ಕಾಲು ಸೋತಿರುತ್ತದೆ. ಮಧ್ಯಾಹ್ನ ಟ್ರಫಾಲ್ಗರ್ ಚೌಕದ ಹತ್ತಿರದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಇಲ್ಲ, ಒಳಗೆ ಬೆಚ್ಚಗಿರುತ್ತದೆ, ಕೂರಲು ಬೆಂಚು ಇದೆ. ಅರವತ್ತು ದಾಟಿದವರಿಗೆ ಇನ್ನೇನು ಬೇಕು?

ಟ್ಯೂಡರ್ ರಾಜವಂಶದ ಕಾಲದ ಕೋಣೆಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಗೋಡೆಯ ಚಿತ್ರಗಳಲ್ಲಿರುವ ರಾಣಿಯರ ವಧುಪರೀಕ್ಷೆ ಶುರು. ‘ಇವಳು ಪರವಾಗಿಲ್ಲ.’ ‘ಇವಳ ಮೂಗು ಸ್ವಲ್ಪ ಉದ್ದ ಆಯ್ತು.’ ‘ಅಬ್ಬಾ, ಏನು ಬಿಳುಪು ನೋಡ್ರೀ!’ ಚೆಂದ ಅಂದರೂ ಸರಿ, ಅಲ್ಲ ಅಂದರೂ ಸರಿ, ನನಗೇನೂ ಬೇಜಾರಿಲ್ಲ. ಆದರೆ ಆ ಹಲಗೆಯ ಮೇಲಿರುವುದು ಆ ಹೆಂಗಸಿನ ಮುಖ ಎಂದೇ ಎಲ್ಲರೂ ನಂಬುತ್ತಾರಲ್ಲ, ಅಲ್ಲಿ ನನ್ನ ತಾಳ್ಮೆ ತಪ್ಪುತ್ತದೆ. ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ. ಇಲ್ಲಿ ಐದನೇ ಸಲ.

ಮೂಗು ಉದ್ದ ಅನ್ನಿಸಿಕೊಂಡವಳು ಆನ್ ಬೊಲಿನ್. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಎರಡನೇ ಹೆಂಡತಿ, 1536ರಲ್ಲಿ ಅವನೇ ತಲೆ ತೆಗೆಸಿದ. ಕತ್ತಿನಲ್ಲಿ ಮುತ್ತಿನ ಸರ, ಅದರಲ್ಲಿ ‘ಬಿ’ ಅಕ್ಷರದ ಪದಕ ಇರುವ ಆ ಚಿತ್ರ ಎಲ್ಲರಿಗೂ ಗೊತ್ತು. ಅದನ್ನು ಬರೆದದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ, ಅವಳು ಸತ್ತು ಎಷ್ಟೋ ವರ್ಷದ ಮೇಲೆ. ಯಾವುದೋ ಹಳೆಯ ಚಿತ್ರ ನೋಡಿ ಮಾಡಿದ ನಕಲು ಇರಬೇಕು. ಅವಳು ಬದುಕಿದ್ದಾಗಲೇ ಆದದ್ದು, ಇದು ಅವಳೇ ಎಂದು ಖಚಿತವಾಗಿ ಹೇಳಬಹುದಾದದ್ದು ನಾಣ್ಯದ ಹಾಗೆ ಮುಖ ಮೂಡಿಸಿದ 1534ರ ಒಂದು ಪದಕ. ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮುಖವೇ ಜಜ್ಜಿ ಹೋಗಿದೆ. ಅದರಲ್ಲೂ ಮೂಗು!

ಅವಳಿಗೆ ಆರು ಬೆರಳಿತ್ತಂತೆ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅದನ್ನು ಬರೆದವನು ನಿಕೋಲಸ್ ಸ್ಯಾಂಡರ್ ಎಂಬ ಪಾದ್ರಿ. ಅವಳು ಸತ್ತಾಗ ಅವನಿನ್ನೂ ಚಿಕ್ಕ ಹುಡುಗ. ಮೇಲಾಗಿ ಅವಳ ಮಗಳು ಎಲಿಜಬೆತ್‌ನ ಮೇಲೆ ಅವನಿಗೆ ಕೆಂಡದಂಥ ಕೋಪ. ಆನ್‌ಳನ್ನು ಕಂಡ ವೆನಿಸ್ಸಿನ ಒಬ್ಬ ರಾಯಭಾರಿ ಬೆರಳಿನ ಸುದ್ದಿಯನ್ನೇ ಎತ್ತುವುದಿಲ್ಲ. ಅಂಥ ಸುಂದರಿಯೇನಲ್ಲ, ಸಾಧಾರಣ ಎತ್ತರ, ಉದ್ದ ಕತ್ತು, ಅಗಲ ಬಾಯಿ, ಮೈಬಣ್ಣ ಕಪ್ಪು ಛಾಯೆಯದು, ಕಣ್ಣು ಮಾತ್ರ ಕಪ್ಪಗೆ ಬಹಳ ಚೆಂದ ಎನ್ನುತ್ತಾನೆ. ಇದನ್ನು ಹೇಳಿದಾಗ ನಮ್ಮ ಹೆಂಗಸರ ಮುಖ ಅರಳುತ್ತದೆ. ‘ನಮ್ಮ ಹಾಗೇನೇ ಅನ್ನಿ.’

ಇನ್ನು ಆ ಬಿಳುಪು.

ಆನ್‌ಳ ಆ ಮಗಳೇ ಮುಂದೆ ರಾಣಿಯಾದ ಮೊದಲನೇ ಎಲಿಜಬೆತ್. ಅವಳ ಡಾರ್ನ್ಲಿ ಚಿತ್ರ ಅಂತ ಒಂದಿದೆ, 1575ರ ಸುಮಾರಿನದು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ. ಸೀಸದಿಂದ ಮಾಡಿದ ಬಿಳಿ ಬಣ್ಣವನ್ನು ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದಳು, ಅದಕ್ಕೇ ಹಾಗೆ ಎಂದು ಎಲ್ಲರೂ ಓದಿಕೊಂಡು ಬಂದಿರುತ್ತಾರೆ. ಸೀಸದ ಬಿಳಿ ಆ ಕಾಲದಲ್ಲಿ ಇದ್ದದ್ದು ನಿಜ. ಅವಳು ದಪ್ಪಗೆ ಬಳಿದುಕೊಳ್ಳುತ್ತಿದ್ದಳು ಅನ್ನುವುದಕ್ಕೆ ಅವಳ ಕಾಲದ ಗಟ್ಟಿ ಸಾಕ್ಷಿ ಕಡಿಮೆ, ಹಾಗಾಗಿ ನಾನು ಆ ಮಾತು ಹೇಳುವುದನ್ನು ಬಿಟ್ಟಿದ್ದೇನೆ. ಗ್ಯಾಲರಿಯವರು ಪರೀಕ್ಷೆ ಮಾಡಿದಾಗ ಬೇರೆಯೇ ಸಂಗತಿ ಗೊತ್ತಾಯಿತು. ಕೆನ್ನೆಯ ಕೆಂಪಿಗೆ ಹಾಕಿದ್ದ ಬಣ್ಣ ಬೆಳಕಿಗೆ ಮಾಸುವ ಜಾತಿಯದು. ನಾಲ್ಕು ನೂರು ವರ್ಷದಲ್ಲಿ ಕೆಂಪು ಹಾರಿಹೋಗಿದೆ, ಬಿಳಿ ಉಳಿದಿದೆ. ಉಡುಪಿನ ಕಡುಗೆಂಪು ಕೂಡ ಮಾಸಿ ಕಂದಾಗಿದೆ. ಬಿಸಿಲಿಗೆ ಒಣಹಾಕಿದ ಕೆಂಪು ಸೀರೆ ನೆನಪು ಮಾಡಿಕೊಳ್ಳಿ, ಅಷ್ಟೇ. ನೀವು ಹೊಗಳುತ್ತಿರುವುದು ರಾಣಿಯ ಬಣ್ಣವನ್ನಲ್ಲ, ಬಣ್ಣ ಬಿಟ್ಟ ಚಿತ್ರವನ್ನು.

ಇಷ್ಟಾದರೂ ಮುಖದ ಆಕಾರ ಅವಳದೇ ತಾನೆ ಎನ್ನುತ್ತಾರೆ. ಸ್ವಲ್ಪ ನಿಧಾನಕ್ಕೆ ಕೇಳಿ, ನನ್ನ ಅರ್ಧ ಆಯಸ್ಸು ಹೋಗಿರುವುದು ಇಲ್ಲೇ. ರಾಣಿಯ ಚಿತ್ರ ಬೇಕು ಎನ್ನುವ ಶ್ರೀಮಂತರು ನೂರಾರು ಜನ. ಅಷ್ಟೂ ಜನರ ಚಿತ್ರಕಾರರ ಮುಂದೆ ಅವಳು ಕೂರುತ್ತಾಳೆಯೇ? ಒಂದು ಸಲ ಕೂರುತ್ತಾಳೆ, ಒಬ್ಬನ ಮುಂದೆ. ಅವನು ಬರೆದ ಮುಖವೇ ಅಚ್ಚು. ಉಳಿದವರು ಅದನ್ನೇ ಇಳಿಸಿಕೊಂಡು ಉಡುಪು, ಒಡವೆ, ಬೀಸಣಿಗೆ ಬದಲಾಯಿಸುತ್ತಾ ಹೋಗುತ್ತಾರೆ. ಡಾರ್ನ್ಲಿ ಚಿತ್ರದ ಮುಖ ಅಂಥ ಅಚ್ಚು. 1590ರ ದಶಕದವರೆಗೂ ಅದೇ ಮುಖ ಬೇರೆ ಬೇರೆ ಚಿತ್ರಗಳಲ್ಲಿ ಓಡಾಡಿಕೊಂಡಿತ್ತು. ರಾಣಿಗೆ ವಯಸ್ಸಾಯಿತು, ಅಚ್ಚಿಗೆ ಆಗಲಿಲ್ಲ.

ಇಳಿಸಿಕೊಳ್ಳುವುದು ಹೇಗೆ ಎಂದು ವಿವರಿಸಲು ಎಷ್ಟೋ ದಿನ ಒದ್ದಾಡುತ್ತಿದ್ದೆ. ಮುಖದ ಗೆರೆಯುದ್ದಕ್ಕೂ ಕಾಗದಕ್ಕೆ ಸೂಜಿಯಲ್ಲಿ ತೂತು ಹಾಕಿ, ಮೇಲೆ ಇದ್ದಿಲ ಪುಡಿ ತಟ್ಟುತ್ತಿದ್ದರು, ಕೆಳಗೆ ಚುಕ್ಕಿ ಮೂಡುತ್ತಿತ್ತು ಎನ್ನುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ದಿನ ಹಾಸನದ ಕಡೆಯ ಒಬ್ಬ ಅಮ್ಮ, ಊರಲ್ಲಿ ಬ್ಲೌಸ್ ಹೊಲಿಯುವವರು, ಥಟ್ಟನೆ ಹೇಳಿದರು: ‘ಅಯ್ಯೋ, ಬಟರ್ ಪೇಪರ್ ಮೇಲೆ ಡಿಸೈನ್ ಚುಚ್ಚಿ, ಸೀಮೆಎಣ್ಣೇಲಿ ಪುಡಿ ಕಲಸಿ ಉಜ್ಜಲ್ವಾ? ಅದೇ ಇದು. ಒಂದು ನವಿಲು ಬರೆಸಿಕೊಂಡ್ರೆ ನೂರು ಬ್ಲೌಸ್‌ಗಾಗುತ್ತೆ.’ ಅವತ್ತಿನಿಂದ ನಾನೂ ಹಾಗೇ ಹೇಳುತ್ತೇನೆ. ನೀವು ನೋಡುತ್ತಿರುವುದು ನೂರನೇ ಬ್ಲೌಸಿನ ನವಿಲು.

ಅದೇ ಅಮ್ಮ ಇನ್ನೊಂದು ಪ್ರಶ್ನೆ ಕೇಳಿದರು. ಈ ರಾಣಿ ಯಾವ ಚಿತ್ರದಲ್ಲೂ ಹಲ್ಲು ತೋರಿಸುವುದಿಲ್ಲವಲ್ಲ, ಯಾಕೆ? ಆ ಕಾಲದಲ್ಲಿ ಹಲ್ಲು ಬಿಟ್ಟು ಚಿತ್ರ ಬರೆಸಿಕೊಳ್ಳುವ ಪದ್ಧತಿಯೇ ಇರಲಿಲ್ಲ, ಅದು ಮೊದಲ ಉತ್ತರ. ತೋರಿಸಲು ಹೆಚ್ಚೇನೂ ಉಳಿದಿರಲಿಲ್ಲ, ಅದು ಎರಡನೆಯದು. 1597ರಲ್ಲಿ ಅವಳನ್ನು ಭೇಟಿಯಾದ ಫ್ರೆಂಚ್ ರಾಯಭಾರಿ ದ ಮೆಸ್, ಹಲ್ಲು ಹಳದಿಗಟ್ಟಿವೆ, ಎಡಗಡೆ ಬಹಳಷ್ಟು ಇಲ್ಲವೇ ಇಲ್ಲ, ಬೇಗ ಮಾತಾಡಿದರೆ ಅರ್ಥವಾಗುವುದು ಕಷ್ಟ ಎಂದು ಬರೆದಿಟ್ಟಿದ್ದಾನೆ. ಮರುವರ್ಷ ಬಂದ ಜರ್ಮನಿಯ ಹೆಂಟ್ಸ್ನರ್ ಹಲ್ಲು ಕಪ್ಪು ಎಂದ, ಇಂಗ್ಲಿಷರು ಸಕ್ಕರೆ ತಿನ್ನುವುದು ಜಾಸ್ತಿ ಎಂದು ಕಾರಣವನ್ನೂ ಕೊಟ್ಟ. ತಲೆಯ ಮೇಲಿದ್ದದ್ದು ಕೆಂಪು ಟೋಪನ್ನು. ಆಗ ಅವಳಿಗೆ ಅರವತ್ತೈದರ ಆಸುಪಾಸು. ಅದಾಗಿ ಎರಡು ಮೂರು ವರ್ಷಕ್ಕೆ ಬರೆದ ಚಿತ್ರವೊಂದು ಹ್ಯಾಟ್‌ಫೀಲ್ಡ್ ಹೌಸಿನಲ್ಲಿದೆ. ಅದರಲ್ಲಿ ಅವಳು ಕಾಲೇಜಿಗೆ ಹೋಗುವ ಹುಡುಗಿ! ಮೇಲುಡುಪಿನ ತುಂಬಾ ಕಣ್ಣು, ಕಿವಿಗಳ ಚಿತ್ತಾರ. ಇದನ್ನು ನೋಡಿ ನಗುವವರು ತಮ್ಮ ವಾಟ್ಸಾಪ್ ಫೋಟೋ ಯಾವ ವರ್ಷದ್ದು ಎಂದು ಒಮ್ಮೆ ನೋಡಿಕೊಳ್ಳಲಿ.

ಸುಳ್ಳು ಚಿತ್ರದಿಂದ ಕೆಟ್ಟ ಮದುವೆಯ ಕಥೆಯನ್ನೂ ಕೇಳುತ್ತಾರೆ. ಹೆನ್ರಿಯ ನಾಲ್ಕನೇ ಹೆಂಡತಿ, ಕ್ಲೀವ್ಸ್‌ನ ಆನ್. ಹೋಲ್ಬೈನ್ ಎಂಬ ಚಿತ್ರಕಾರನನ್ನು 1539ರಲ್ಲಿ ಜರ್ಮನಿಗೆ ಕಳಿಸಿ ಹುಡುಗಿಯ ಚಿತ್ರ ಬರೆಸಿ ತರಿಸಿಕೊಂಡ ರಾಜ, ಹುಡುಗಿ ಬಂದ ಮೇಲೆ ನನಗೆ ಹಿಡಿಸಲಿಲ್ಲ ಎಂದ. ಚಿತ್ರಕಾರ ಮೋಸ ಮಾಡಿದ ಅಂತ ಊರೆಲ್ಲ ಹೇಳುತ್ತದೆ. ಹಾಗಿದ್ದರೆ ತಲೆ ಹೋಗಬೇಕಿದ್ದದ್ದು ಹೋಲ್ಬೈನ್‌ನದು, ಅಲ್ವಾ? ಹೋದದ್ದು ಸಂಬಂಧ ಕುದುರಿಸಿದ ಮಂತ್ರಿ ಕ್ರಾಮ್ವೆಲ್‌ನದು. ಅದಕ್ಕೂ ರಾಜಕೀಯದ ಕಾರಣಗಳೇ ಜಾಸ್ತಿ. ಹೋಲ್ಬೈನ್‌ಗೆ ಏನೂ ಆಗಲಿಲ್ಲ.

ಆ ಮೊದಲ ಭೇಟಿಯನ್ನು ನೋಡಿ. 1540ರ ಹೊಸವರ್ಷದ ದಿನ, ರಾಚೆಸ್ಟರ್ ಊರು. ಹುಡುಗಿ ಕಿಟಕಿಯಲ್ಲಿ ನಿಂತು ಹೊರಗೆ ಗೂಳಿಯ ಮೇಲೆ ನಾಯಿ ಬಿಡುವ ಆಟ ನೋಡುತ್ತಿದ್ದಾಳೆ. ನಲವತ್ತೆಂಟರ ಧಡೂತಿ ಗಂಡಸೊಬ್ಬ ವೇಷ ಮರೆಸಿಕೊಂಡು ಒಳಗೆ ನುಗ್ಗಿ ಅವಳನ್ನು ತಬ್ಬಿಕೊಳ್ಳುತ್ತಾನೆ. ಅವನು ರಾಜ ಎಂದು ಅವಳಿಗೆ ಗೊತ್ತಿಲ್ಲ. ಅವನತ್ತ ಗಮನವನ್ನೇ ಕೊಡದೆ ಮತ್ತೆ ಕಿಟಕಿ ಕಡೆ ತಿರುಗುತ್ತಾಳೆ. ಯಾರಿಗೆ ಯಾರು ಹಿಡಿಸಲಿಲ್ಲ ಎಂದು ನೀವೇ ಹೇಳಿ. ಆರು ತಿಂಗಳಿಗೆ ಮದುವೆ ರದ್ದಾಯಿತು. ಅವಳಿಗೆ ಮನೆ, ಜಮೀನು, ರಾಜನ ತಂಗಿ ಎಂಬ ಗೌರವ ಸಿಕ್ಕಿತು. ತಲೆಯೂ ಉಳಿಯಿತು. ಹೆನ್ರಿ ಸತ್ತು ಹತ್ತು ವರ್ಷ ಬದುಕಿದಳು. ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಹೋದವರು ನೋಡಿ.

ಫೋಟೋ ಬಂದ ಮೇಲಾದರೂ ನಿಜ ಸಿಗುತ್ತದೆ ಅನ್ನುವವರಿಗೆ ನಾನು ಫೋನಿನಲ್ಲಿ ವಿಕ್ಟೋರಿಯಾಳ ಒಂದು ಫೋಟೋ ತೋರಿಸುತ್ತೇನೆ. 1852ರ ಜನವರಿ. ಐದು ಮಕ್ಕಳ ನಡುವೆ ತಾಯಿ. ಆದರೆ ತಾಯಿಗೆ ಮುಖವೇ ಇಲ್ಲ. ಅಲ್ಲಿ ಬರೀ ಗೀಚಿದ ಗುರುತು. ಅವಳ ಕಣ್ಣು ಮುಚ್ಚಿಹೋಗಿತ್ತು. ಮಕ್ಕಳು ಚೆನ್ನಾಗಿ ಬಂದಿದ್ದಾರೆ, ನಾನು ಮಾತ್ರ ಭಯಂಕರ ಎಂದು ದಿನಚರಿಯಲ್ಲಿ ಬರೆದುಕೊಂಡು, ಫೋಟೋ ಮೂಡಿದ ಲೋಹದ ತಟ್ಟೆಯ ಮೇಲಿನ ತನ್ನ ಮುಖವನ್ನು ತಾನೇ ಕೆರೆದು ಹಾಕಿದಳು. ಎರಡು ದಿನ ಬಿಟ್ಟು ಮತ್ತೆ ಫೋಟೋ ತೆಗೆಸಿದಾಗ ಪಕ್ಕಕ್ಕೆ ತಿರುಗಿ ಕೂತಳು, ದೊಡ್ಡ ಬಾನೆಟ್ ಟೋಪಿ ಹಾಕಿಕೊಂಡು.

ಕಳೆದ ಬೇಸಿಗೆಯಲ್ಲಿ ಇದನ್ನು ನೋಡಿದ ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಒಪ್ಪಲಿಲ್ಲ. ‘ನಮ್ಮ ಕಬ್ಬನ್ ಪಾರ್ಕಿನಲ್ಲಿ ಇದ್ದಾಳಲ್ಲಮ್ಮ, ಎಷ್ಟು ಗಂಭೀರ, ಎಷ್ಟು ಎತ್ತರ! ಬೆಳಗ್ಗೆ ವಾಕಿಂಗ್ ಹೋಗುವಾಗ ದಿನಾ ನೋಡ್ತೀನಿ.’ ಆ ಅಮೃತಶಿಲೆಯ ಪ್ರತಿಮೆ ಮಾಡಿದವನು ಥಾಮಸ್ ಬ್ರಾಕ್. 1906ರಲ್ಲಿ ಅದನ್ನು ಅನಾವರಣ ಮಾಡಿದ್ದು ಅವಳ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು. ನಾವು ಗ್ಯಾಲರಿಗೆ ಬಂದ ದಿನವೇ ಬೆಳಗ್ಗೆ ಅರಮನೆ ಎದುರು ಇದೇ ಮೇಷ್ಟ್ರು ಮೊಮ್ಮಗಳಿಂದ ಫೋಟೋ ತೆಗೆಸಿಕೊಂಡ ವಿಕ್ಟೋರಿಯಾ ಸ್ಮಾರಕ ಕೂಡ ಬ್ರಾಕ್‌ನ ಕೈಕೆಲಸವೇ.

‘ಸಾರ್, ಅಲ್ಲಿ ಎತ್ತರ ಇರೋದು ಪೀಠ’ ಎಂದೆ. ‘ಅವಳು ಹೆಚ್ಚೆಂದರೆ ಐದಡಿ. ವಯಸ್ಸಾದ ಮೇಲೆ ಗುಂಡಗೂ ಆಗಿದ್ದಳು.’

ಮೇಷ್ಟ್ರು ಸ್ವಲ್ಪ ಹೊತ್ತು ಆ ಗೀಚಿದ ಫೋಟೋವನ್ನೇ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

‘ಅಂದ್ರೆ ನಮ್ಮಮ್ಮನಷ್ಟೇ’ ಎಂದರು.