ಚೀರಿದ್ದು ಯಾರು?

ಪ್ರಶ್ನೆ: ‘ದಿ ಸ್ಕ್ರೀಮ್’ ಚಿತ್ರದಲ್ಲಿರುವವನು ಯಾಕೆ ಚೀರುತ್ತಿದ್ದಾನೆ?

ಚೀರುತ್ತಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕೆನ್ನೆಗೆ ಕೈಕೊಟ್ಟು ಕೂಗುವ ಎಮೋಜಿಯನ್ನು ದಿನಾ ಕಳಿಸಿ ಕಳಿಸಿ ಅದೇ ತಲೆಯಲ್ಲಿ ಕೂತುಬಿಟ್ಟಿದೆ. ಅಂದಹಾಗೆ, ಕಲಾವಿದರ ಹೆಸರು ಮಂಚ್ ಅಲ್ಲ, ಎಡ್ವರ್ಡ್ ಮುಂಕ್. ನಾರ್ವೆಯವರು.

1893ರ ಆ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಕೈಗಳನ್ನು ನೋಡಿ. ಕಿವಿ ಮುಚ್ಚಿಕೊಂಡಿದ್ದಾನೆ. ಪಟಾಕಿಗೆ ಕಿಡಿ ತಾಗಿಸಿದ ಕೂಡಲೇ ಮಗು ನಿಲ್ಲುತ್ತದಲ್ಲ, ಹಾಗೆ. ತಾನೇ ಕೂಗುವವನಿಗೆ ಕಿವಿ ಮುಚ್ಚಿಕೊಳ್ಳುವ ದರ್ದೇನು? “ಬಾಯಿ ತೆರೆದಿದೆಯಲ್ಲ ಸಾರ್?” ಅನ್ನುತ್ತೀರಿ. ಗಾಬರಿಗೂ ಬಾಯಿ ತೆರೆಯುತ್ತದೆ.

ಮುಂಕ್ ಅವರೇ 1892ರ ಜನವರಿಯಲ್ಲಿ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಸಂಜೆ ಇಬ್ಬರು ಗೆಳೆಯರ ಜೊತೆ ನಡೆದು ಹೋಗುವಾಗ ಆಕಾಶ ನೆತ್ತರಿನಂತೆ ಕೆಂಪಾಯಿತು. ಸುಸ್ತಾಗಿ ಬೇಲಿಗೆ ಒರಗಿದರು. ಗೆಳೆಯರು ಮುಂದೆ ನಡೆದರು. ನಡುಗುತ್ತಾ ನಿಂತ ಇವರಿಗೆ, ನಿಸರ್ಗದ ಉದ್ದಗಲಕ್ಕೂ ಕೊನೆಯಿಲ್ಲದ ಚೀತ್ಕಾರವೊಂದು ಹಾದುಹೋದಂತಾಯಿತು. ಚೀರಿದ್ದು ನಿಸರ್ಗ. ಕೇಳಿಸಿಕೊಂಡದ್ದು ಚಿತ್ರದಲ್ಲಿರುವ ಇವನು.

ಗೆರೆಗಳೂ ಅದನ್ನೇ ಹೇಳುತ್ತವೆ. ಆಕಾಶ, ಕೆಳಗಿನ ಕೊಲ್ಲಿಯ ನೀರು, ಅವನ ಮೈ, ಮೂರೂ ಒಂದೇ ಅಲೆಯಲ್ಲಿ ಬಳುಕಿವೆ. ದಾರಿ ಪಕ್ಕದ ಬೇಲಿ ಮಾತ್ರ ಅಳತೆಕೋಲು ಇಟ್ಟು ಎಳೆದಷ್ಟು ನೆಟ್ಟಗಿದೆ. ಹಿಂದೆ ಗೆಳೆಯರಿಬ್ಬರೂ ನೆಟ್ಟಗೇ ನಿಂತಿದ್ದಾರೆ. ಅವರಿಗೆ ಏನೂ ಕೇಳಿಸಿಲ್ಲ! ಇಷ್ಟನ್ನು ಒಂದು ರಟ್ಟಿನ ಮೇಲೆ ಟೆಂಪೆರಾ ಎಂಬ ಬಣ್ಣ, ಕ್ರೆಯಾನ್ ಬಳಸಿ ಮಾಡಿದ್ದಾರೆ ಎನ್ನುವುದನ್ನು ಯಾರಾದರೂ ಕೇಳಬಾರದೇ?

ಇನ್ನು ಕೆಲವರು “ಅಮ್ಮ, ಅಕ್ಕ ಇಬ್ಬರೂ ಕ್ಷಯದಿಂದ ಹೋದರು, ಅದಕ್ಕೇ ಈ ಚೀರಾಟ” ಎಂದು ಕಥೆ ಕಟ್ಟುತ್ತಾರೆ. ಸಾವು ನಿಜ. ಆದರೆ ಅಕ್ಕ ಸೋಫಿಯ ಸಾವಿನ ಸಂಕಟಕ್ಕೆ ಬೇರೆಯೇ ಚಿತ್ರವಿದೆ, 1885–86ರ ‘ದಿ ಸಿಕ್ ಚೈಲ್ಡ್’.

ಯಾರೂ ಕೇಳದಿದ್ದರೂ ಇದೊಂದನ್ನು ಹೇಳಿಬಿಡುತ್ತೇನೆ. 1893ರ ಚಿತ್ರದ ಎಡ ಮೇಲ್ತುದಿಯಲ್ಲಿ, ಬಣ್ಣದ ಮೇಲೆ, ಪೆನ್ಸಿಲ್‌ನಲ್ಲಿ ಸಣ್ಣಗೆ ಒಂದು ಸಾಲಿದೆ: ಹುಚ್ಚನೊಬ್ಬನೇ ಈ ಚಿತ್ರವನ್ನು ಬರೆದಿರಲು ಸಾಧ್ಯ. ಯಾರೋ ನೋಡಲು ಬಂದವರ ಕಿತಾಪತಿ ಎಂದು ಬಹಳ ಕಾಲ ಅಂದುಕೊಂಡಿದ್ದರು. 2021ರಲ್ಲಿ ಓಸ್ಲೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಇನ್‌ಫ್ರಾರೆಡ್ ಫೋಟೊ ತೆಗೆದು, ಮುಂಕ್ ಅವರ ಪತ್ರ, ದಿನಚರಿಗಳ ಜೊತೆ ಹೋಲಿಸಿದರು. ಕೈಬರಹ ಅವರದ್ದೇ. 1895ರ ಪ್ರದರ್ಶನದ ಬಳಿಕ ನಡೆದ ಚರ್ಚೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಇವರಿಗೆ ಬುದ್ಧಿ ಸ್ವಸ್ಥವಿಲ್ಲ ಎಂದಿದ್ದ. ಆ ಸಾಲು ಅದಕ್ಕೆ ಉತ್ತರವಿರಬೇಕು. ಕುಂಚದ ಒಂದು ಎಳೆತಕ್ಕೆ ಮುಚ್ಚಿಹೋಗುತ್ತಿತ್ತು. ಮುಚ್ಚಲಿಲ್ಲ.